ಕಿವಿಯ ದಾರಿಯಿಂದ ಕರುಳಿಗೆ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಮಲಬದ್ಧತೆಗೆ ಕಿವಿಯಲ್ಲಿ ಚಿಕಿತ್ಸೆ ಎಂದರೆ ಆ ಗಾದೆಯೇ ನೆನಪಾದೀತು. ಆದರೆ ನಗುವ ಮೊದಲು ಒಂದು ಸಂಗತಿಯನ್ನು ಗಮನಿಸಿ. ಕಿವಿಯ ಗುಗ್ಗೆ ತೆಗೆಯುವಾಗ ಕೆಲವರಿಗೆ ಕೆಮ್ಮು ಬರುವುದುಂಟು. ಕಿವಿಗೂ ಕೆಮ್ಮಿಗೂ ಎಲ್ಲಿಯ ನಂಟು?

ಈ ನಂಟನ್ನು ಬೆಸೆದಿರುವುದು ವೇಗಸ್ ಎಂಬ ನರ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ‘ಅಲೆಯುವಂಥದು’ ಎಂದರ್ಥ. ಹೆಸರಿಗೆ ತಕ್ಕಂತೆ ಅದು ಮಿದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಜಠರಗಳಿಗೆ ಕವಲೊಡೆಯುತ್ತ ದೊಡ್ಡ ಕರುಳಿನ ಅರ್ಧದಾರಿಯವರೆಗೂ ಹೋಗುತ್ತದೆ. ಅದರ ಒಂದು ಸಣ್ಣ ಕವಲು ಮಾತ್ರ ಕಿವಿಯ ಚರ್ಮಕ್ಕೆ ಬಂದಿದೆ. 19ನೆಯ ಶತಮಾನದ ಜರ್ಮನ್ ಅಂಗರಚನಾ ಶಾಸ್ತ್ರಜ್ಞ ಫ್ರೆಡ್ರಿಕ್ ಆರ್ನಾಲ್ಡರ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಅನ್ನ ಮುಂದೆ ಸಾಗುವುದು ಕರುಳಿನ ಸ್ನಾಯುಗಳು ಅಲೆಅಲೆಯಾಗಿ ಹಿಂಡುವುದರಿಂದ. ಈ ಅಲೆ ಮಂದವಾದರೆ ಮಲ ಕರುಳಿನಲ್ಲೇ ನಿಂತು, ನೀರಿನಂಶ ಹೀರಿಹೋಗಿ ಗಟ್ಟಿಯಾಗುತ್ತದೆ. ವೇಗಸ್ ನರ ಈ ಅಲೆಯನ್ನು ಚುರುಕುಗೊಳಿಸಬಲ್ಲದು. ಆದ್ದರಿಂದ ವೈದ್ಯರು ಕಿವಿಯ ರಂಧ್ರದ ಮೇಲ್ಗಡೆಯಿರುವ ಬಟ್ಟಲಿನಂಥ ತಗ್ಗಿಗೆ ಪುಟ್ಟ ವಿದ್ಯುದ್ವಾರವನ್ನಿಟ್ಟು ಬಲು ಮೃದುವಾದ ವಿದ್ಯುತ್ತನ್ನು ಹಾಯಿಸುತ್ತಾರೆ. ಚರ್ಮ ಜುಮುಜುಮು ಎನ್ನುತ್ತದೆ, ಅಷ್ಟೆ. ಆ ಸುದ್ದಿ ಮಿದುಳಿನ ಬುಡಕ್ಕೇರಿ, ಅಲ್ಲಿಂದ ಕರುಳಿಗೆ ಅಪ್ಪಣೆಯಾಗಿ ಇಳಿಯುತ್ತದೆಂಬುದು ಅವರ ತರ್ಕ. ಕಿವಿಯ ಹಾಲೆಗೆ ಬೇರೆ ನರವಿರುವುದರಿಂದ ಓಲೆ ತೊಟ್ಟವರಿಗೆ ಈ ಫಲ ಸಿಕ್ಕದು!

ಇದು ಬರಿಯ ತರ್ಕವಷ್ಟೇ ಅಲ್ಲ. ಹೊಟ್ಟೆನೋವೂ ಮಲಬದ್ಧತೆಯೂ ಕೂಡಿದ ಕರುಳಿನ ಬೇನೆಯಿದ್ದ 42 ಮಂದಿಯ ಮೇಲೆ ಚೀನಾದಲ್ಲಿ ನಡೆದ ಪರೀಕ್ಷೆಯೊಂದು 2021ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಾಲ್ಕು ವಾರ ನಿಜವಾದ ಚಿಕಿತ್ಸೆ, ಉಳಿದವರಿಗೆ ತೋರಿಕೆಯ ಚಿಕಿತ್ಸೆ. ನಿಜವಾದುದನ್ನು ಪಡೆದವರಲ್ಲಿ ಮಲವಿಸರ್ಜನೆ ಹೆಚ್ಚಿತು, ನೋವೂ ತಗ್ಗಿತು. ಆದರೆ 42 ಮಂದಿಯೆಂದರೆ ಒಂದು ಬಸ್ಸಿನಷ್ಟು ಜನ. ನಾಲ್ಕು ವಾರವೆಂದರೆ ಒಂದು ತಿಂಗಳು. ವರ್ಷಗಟ್ಟಲೆ ಕಾಡುವ ರೋಗಕ್ಕೆ ಇಷ್ಟರಿಂದಲೇ ತೀರ್ಪು ಕೊಡಲಾಗದು.

ಹೀಗಿರುವಾಗ ಅಂಗಡಿಯಿಂದ ಯಂತ್ರ ತಂದು ಕಿವಿಗೆ ತಗುಲಿಸಿಕೊಳ್ಳುವ ಆತುರ ಬೇಡ. ಹೃದಯಕ್ಕೂ ಇದೇ ನರ ಹೋಗುತ್ತದೆಂಬುದನ್ನು ಮರೆಯಬೇಡಿ. ಹೃದ್ರೋಗವಿರುವವರು, ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಲೇಬಾರದು.

ಈ ಬೇನೆಯನ್ನು ಹೇಳಿಕೊಳ್ಳಲು ನಾಚಿ, ವರ್ಷಗಟ್ಟಲೆ ಭೇದಿಮಾತ್ರೆ ನುಂಗುವವರು ಎಷ್ಟೋ ಮಂದಿ. ಸೊಪ್ಪು, ಹಣ್ಣು, ಕಾಳು, ಸಾಕಷ್ಟು ನೀರು, ದಿನವೂ ನಡಿಗೆ, ಕರೆ ಬಂದಾಗ ತಡೆಯದಿರುವುದು, ಇವು ಮೊದಲ ಉಪಾಯಗಳು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಇಳಿವಯಸ್ಸಿನಲ್ಲಿ ಹೊಸದಾಗಿ ಮಲಬದ್ಧತೆ ಆರಂಭವಾದರೆ ನಾಚಿಕೆ ಬಿಟ್ಟು ಕೂಡಲೇ ವೈದ್ಯರಿಗೆ ತೋರಿಸಿ. ಕಿವಿಯ ಚಿಕಿತ್ಸೆ ಮುಂದೆ ಎಷ್ಟೇ ಬೆಳೆಯಲಿ, ರೋಗಿ ಬಾಯಿಬಿಟ್ಟು ಹೇಳಿದ ಮೇಲೆಯೇ ಅದು ಆರಂಭವಾದೀತು.