ಪ್ರಿಂಟರಿನ ಹಿತ್ತಿಲ ಬಾಗಿಲು

ಕಂಪ್ಯೂಟರಿನಿಂದ ಹೊರಟ ಕಡತ ಪ್ರಿಂಟರ್ ಮುಟ್ಟುವ ಹಾದಿ ಅನೇಕ ಕಚೇರಿಗಳಲ್ಲಿ ಇಂದಿಗೂ ಬಟ್ಟಬಯಲು. 515ನೇ ಪೋರ್ಟ್ ಬಳಸುವ ಎಲ್‌ಪಿಡಿ 1990ರಲ್ಲೇ ದಾಖಲಾದ ವಿಧಾನ. 9100ನೇ ಪೋರ್ಟಿನ ‘ರಾ’ ವಿಧಾನ ಅದಕ್ಕಿಂತಲೂ ಸರಳ. ಎರಡರಲ್ಲೂ ಎನ್‌ಕ್ರಿಪ್ಷನ್ ಇಲ್ಲ. ಸಂಬಳದ ಪಟ್ಟಿಯಾಗಲಿ, ಟೆಂಡರಿನ ದರವಾಗಲಿ, ನಡುವೆ ಆ ದತ್ತಾಂಶ ಹಿಡಿದವರು ಪುಟವನ್ನೇ ಮತ್ತೆ ಮೂಡಿಸಿಕೊಳ್ಳಬಹುದು.

ಇದಕ್ಕೆ ಮದ್ದು ಐಪಿಪಿಎಸ್. ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್ ನಡೆಯುವುದು ಎಚ್‌ಟಿಟಿಪಿಯ ಮೇಲೆ. ಹಾಗಾಗಿ ಬ್ಯಾಂಕುಗಳ ಜಾಲತಾಣವನ್ನು ಕಾಯುವ ಟಿಎಲ್‌ಎಸ್ ಇಲ್ಲಿಗೂ ಒದಗುತ್ತದೆ. ಟಿಎಲ್‌ಎಸ್ ಸೇರಿದ ಈ ಐಪಿಪಿಎಸ್ ರೂಪಕ್ಕೆ 2015ರಲ್ಲಿ ಆರ್‌ಎಫ್‌ಸಿ 7472 ಎಂಬ ಮಾನದಂಡ ಬಂತು. ಪೋರ್ಟ್ 631.

ಪ್ರಿಂಟರಿನ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ತೆರೆದರೆ ಅದರ ಸೆಟ್ಟಿಂಗ್ಸ್ ಪುಟ ಸಿಗುತ್ತದೆ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಐಪಿಪಿಎಸ್ ಆನ್ ಮಾಡಬೇಕು. ಟಿಎಲ್‌ಎಸ್ 1.0 ಮತ್ತು 1.1ನ್ನು 2021ರಲ್ಲೇ ಅಧಿಕೃತವಾಗಿ ಕೈಬಿಡಲಾಗಿದೆ, 1.2 ಅಥವಾ 1.3 ಮಾತ್ರ ಉಳಿಸಿದರೆ ಸಾಕು.

ಎಡವಟ್ಟಾಗುವುದು ಸರ್ಟಿಫಿಕೇಟಿನಲ್ಲಿ. ಪ್ರಿಂಟರ್ ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟಿನಿಂದಲೂ ಎನ್‌ಕ್ರಿಪ್ಷನ್ ನಡೆಯುತ್ತದೆ. ಆದರೆ ಆಚೆ ತುದಿಯಲ್ಲಿರುವುದು ನಿಜವಾದ ಪ್ರಿಂಟರೋ, ಅದರ ವೇಷ ತೊಟ್ಟ ಬೇರೆ ಯಂತ್ರವೋ ಎಂದು ಕಂಪ್ಯೂಟರಿಗೆ ತಿಳಿಯದು. ಆದ್ದರಿಂದ ಪ್ರಿಂಟರಿನಲ್ಲೇ ಸರ್ಟಿಫಿಕೇಟ್ ಕೋರಿಕೆ ಸಿದ್ಧಪಡಿಸಿ, ಕಚೇರಿಯ ಸರ್ಟಿಫಿಕೇಟ್ ಪ್ರಾಧಿಕಾರದಿಂದ ಸಹಿ ಮಾಡಿಸಿ ಮರಳಿ ತುಂಬಬೇಕು. ಪ್ರಾಧಿಕಾರದ ಮೂಲ ಸರ್ಟಿಫಿಕೇಟ್ ಎಲ್ಲ ಕಂಪ್ಯೂಟರುಗಳಲ್ಲೂ ಇರಬೇಕು. ಸರ್ಟಿಫಿಕೇಟಿನಲ್ಲಿ ಹೆಸರಿದ್ದು, ಪ್ರಿಂಟರನ್ನು ಐಪಿ ಸಂಖ್ಯೆಯಿಂದ ಸೇರಿಸಿಕೊಂಡಿದ್ದರೆ ತಾಳೆಯಾಗುವುದಿಲ್ಲ. ಪ್ರಿಂಟರಿನ ಗಡಿಯಾರ ಹಿಂದೆ ಬಿದ್ದಿದ್ದರೂ ಸರ್ಟಿಫಿಕೇಟ್ ವಿಚಾರದಲ್ಲಿ ತೊಡಕಾಗಬಹುದು. ಅವಧಿ ಮುಗಿಯುವ ದಿನವನ್ನು ಮರೆತ ಕಚೇರಿಗಳಲ್ಲಿ ಒಂದು ಬೆಳಿಗ್ಗೆ ಮುದ್ರಣವೇ ನಿಲ್ಲುವುದುಂಟು.

ಲಿನಕ್ಸ್, ಮ್ಯಾಕ್‌ಗಳಲ್ಲಿ ಮುದ್ರಣ ನೋಡಿಕೊಳ್ಳುವ ಕಪ್ಸ್‌ನಲ್ಲಿ ಪ್ರಿಂಟರಿನ ವಿಳಾಸ ‘ಐಪಿಪಿಎಸ್’ ಎಂದೇ ಆರಂಭವಾಗಬೇಕು. ಕಪ್ಸ್ ಮೂಲ ಸೆಟ್ಟಿಂಗ್‌ನಲ್ಲಿ ಮೊದಲ ಸಲ ಕಂಡ ಸರ್ಟಿಫಿಕೇಟನ್ನು ನಂಬಿಬಿಡುತ್ತದೆ. ಈ ಔದಾರ್ಯ ಕಚೇರಿಗೆ ಹೇಳಿ ಮಾಡಿಸಿದ್ದಲ್ಲ, ಬದಲಿಸುವುದೇ ಮೇಲು. ನಡುವೆ ಪ್ರಿಂಟ್ ಸರ್ವರ್ ಇದ್ದರೆ ಅಲ್ಲಿಂದ ಪ್ರಿಂಟರಿನವರೆಗಿನ ದಾರಿಯನ್ನೂ ಪರೀಕ್ಷಿಸಬೇಕು. ಕಂಪ್ಯೂಟರಿನಿಂದ ಸರ್ವರಿನವರೆಗೆ ಭದ್ರವಾಗಿ ಬಂದ ಕಡತ ಮುಂದೆ 9100ರಲ್ಲಿ ಬಯಲಾಗಿ ಹೋಗುತ್ತಿರಬಹುದು.

ಇಷ್ಟಾದ ಮೇಲೆ 515, 9100 ಪೋರ್ಟುಗಳನ್ನು ಮುಚ್ಚದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟಂತೆ. ನಿರ್ವಹಣೆಗೆ ಬಳಸುವ ಎಸ್‌ಎನ್‌ಎಂಪಿಯಲ್ಲೂ ಎನ್‌ಕ್ರಿಪ್ಷನ್ ಇರುವುದು 3ನೇ ಆವೃತ್ತಿಗೆ ಮಾತ್ರ.

ಟಿಎಲ್‌ಎಸ್ ರಕ್ಷಣೆ ಪ್ರಿಂಟರಿನ ಹೊಸ್ತಿಲಿಗೆ ಮುಗಿಯುತ್ತದೆ. ಟ್ರೇಯಲ್ಲಿ ಬಿದ್ದ ಕಾಗದವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಗೋಪ್ಯ ಕಡತಗಳಿಗೆ ಪಿನ್ ಒತ್ತಿದ ಮೇಲಷ್ಟೇ ಮುದ್ರಿಸುವ ಸೌಲಭ್ಯವನ್ನು ಬೇರೆಯಾಗಿಯೇ ಆನ್ ಮಾಡಿಕೊಳ್ಳಬೇಕು.