ನೆಲಮಾಳಿಗೆಯ ಧ್ವನಿಸುರುಳಿ

ಅಣುಯುದ್ಧವು ಸಂಭವಿಸಿದ ಪಕ್ಷದಲ್ಲಿ ಪ್ರಜೆಗಳೆಲ್ಲರಿಗೂ ನೆಲದಡಿಯಲ್ಲಿ ಆಶ್ರಯವಿರತಕ್ಕದ್ದೆಂದು 1960ರ ದಶಕದಲ್ಲಿ ಶಾಸನ ಮಾಡಿದ ಸ್ವಿಟ್ಜರ್ಲೆಂಡಿನ ಸರಕಾರಕ್ಕೆ, ಬಂಕರೊಂದರಿಂದ ಮುಂದೆ ಎಂಥ ನಾದವು ಹೊರಡಲಿರುವುದೆಂಬ ಕಲ್ಪನೆ ಕನಸಿನಲ್ಲಿಯೂ ಸುಳಿದಿರಲಾರದು. ಜೂರಿಕ್ ನಗರಕ್ಕೆ ಅನತಿದೂರದ ಬಿರ್ಖ್‌ವಿಲ್ ಎಂಬ ಹಳ್ಳಿಯ ಬಂಕರಿನಲ್ಲಿ, ಟಾಮ್ ಗೇಬ್ರಿಯಲ್ ಫಿಶರನೂ ಅವನ ಗೆಳೆಯರೂ 1982ರಲ್ಲಿ ಕಟ್ಟಿದ 'ಹೆಲ್‌ಹ್ಯಾಮರ್' ಬ್ಯಾಂಡಿನ ತಾಲೀಮು ನಡೆಯುತ್ತಿತ್ತು.

ಇಂಗ್ಲೆಂಡಿನ ವೆನಮ್ ಬ್ಯಾಂಡಿನ ಆರ್ಭಟವನ್ನು ಕೇಳಿ ಮೈಮರೆತ ಈ ತರುಣರಿಗೆ ಅದನ್ನೂ ಮೀರಿಸಬೇಕೆಂಬ ಹಟವಿತ್ತು. ಮೀರಿಸುವುದಕ್ಕೆ ಬೇಕಾದ ವಾದನಕೌಶಲ ಮಾತ್ರ ಇರಲಿಲ್ಲ. ಫಿಶರನು 'ಸಟಾನಿಕ್ ಸ್ಲಾಟರ್' ಎಂಬ ಘೋರನಾಮವನ್ನೂ ಧರಿಸಿದ್ದನು. ಇಪ್ಪತ್ತು ತುಂಬದ ವಯಸ್ಸಿಗೆ ಅದೂ ಒಂದು ಭೂಷಣವೇ ಸರಿ.

1983ರ ಜೂನ್ ತಿಂಗಳಲ್ಲಿ ಆ ಬಂಕರಿನಲ್ಲಿಯೇ ಮುದ್ರಿತವಾದ 'ಟ್ರಯಂಫ್ ಆಫ್ ಡೆತ್' ಎಂಬ ಡೆಮೊ ಕ್ಯಾಸೆಟ್ಟನ್ನು ಇಂದು ಕೇಳಿದರೆ, ಶ್ರುತಿಯಿಳಿಸಿದ ಗಿಟಾರು ಯಾವುದು, ಬೇಸ್ ಯಾವುದು ಎಂದು ಬೇರ್ಪಡಿಸುವುದೇ ದುಸ್ಸಾಧ್ಯ; ಡ್ರಮ್ಮಿನ ತಾಳ ಹಲವೆಡೆ ಎಡವುತ್ತದೆ; ಅವೆಲ್ಲದರ ಮೇಲೆ ಹಾಡೂ ಅಲ್ಲದ ಅಳುವೂ ಅಲ್ಲದ ಒಂದು ಚೀತ್ಕಾರ. ಅಂಚೆಯಲ್ಲಿ ಕೈಯಿಂದ ಕೈಗೆ ಸಾಗಿದ ಇಂಥ ಕ್ಯಾಸೆಟ್ಟುಗಳು ಪ್ರತಿಯಿಂದ ಪ್ರತಿಯಾದಂತೆಲ್ಲ ಸುಂಯ್‌ಗುಟ್ಟುವ ಸದ್ದು ಹೆಚ್ಚಿ, ಕೊನೆಕೊನೆಗೆ ಬಂಕರಿನ ಗೋಡೆಯಾಚೆ ನಿಂತು ಕೇಳಿದ ಹಾಗಾಗುತ್ತಿತ್ತು. ಇಂಗ್ಲೆಂಡಿನ 'ಮೆಟಲ್ ಫೋರ್ಸಸ್' ಪತ್ರಿಕೆಯು ಇವರನ್ನು ನಿರ್ದಾಕ್ಷಿಣ್ಯವಾಗಿ ಹಳಿಯಿತು. ಆ ವಿಮರ್ಶಕರ ಕಿವಿಯಲ್ಲಿ ದೋಷವಿರಲಿಲ್ಲ; ಆದರೆ ದೋಷಗಳೇ ಒಟ್ಟಾಗಿ ಒಂದು ಭಯಾನಕ ರಸವನ್ನು ಕಡೆದು ತೆಗೆಯಬಲ್ಲವೆಂಬುದು ಅವರ ಎಣಿಕೆಗೆ ಸಿಕ್ಕಲಿಲ್ಲ.

ಆ ಡಿಸೆಂಬರಿನಲ್ಲಿ ಸ್ಟುಡಿಯೋ ಸೇರಿ ಮಾಡಿದ 'ಸಟಾನಿಕ್ ರೈಟ್ಸ್' ಎಂಬ ಡೆಮೊ ಇದಕ್ಕಿಂತ ಅಚ್ಚುಕಟ್ಟು. ಬರ್ಲಿನ್ನಿನ ನಾಯ್ಸ್ ರೆಕಾರ್ಡ್ಸ್ ಸಂಸ್ಥೆಗಾಗಿ 1984ರ ಮಾರ್ಚಿನಲ್ಲಿ 'ಅಪೊಕ್ಯಾಲಿಪ್ಟಿಕ್ ರೇಡ್ಸ್' ಎಂಬ ಧ್ವನಿಮುದ್ರಿಕೆ ಸಿದ್ಧವಾಯಿತು. ಆದರೆ ಎರಡೇ ತಿಂಗಳಲ್ಲಿ, ಹೆಲ್‌ಹ್ಯಾಮರ್ ಎಂಬ ಹೆಸರೇ ತಮ್ಮ ಮುನ್ನಡೆಗೆ ಅಡ್ಡಿಯೆಂದು ಬಗೆದ ಫಿಶರನೂ ಅವನ ಜೊತೆಗಾರ ಮಾರ್ಟಿನ್ ಎರಿಕ್ ಏನನೂ ಬ್ಯಾಂಡನ್ನು ವಿಸರ್ಜಿಸಿ 'ಸೆಲ್ಟಿಕ್ ಫ್ರಾಸ್ಟ್' ಕಟ್ಟಿದರು. ಒಂದು ಬಾರಿಯಾದರೂ ಸಭಿಕರ ಮುಂದೆ ನುಡಿಸದೆಯೇ ಹೆಲ್‌ಹ್ಯಾಮರ್ ಮುಗಿಯಿತು.

ಹೆತ್ತವರು ಕೈಬಿಟ್ಟ ಈ ಕೂಸನ್ನು ಎತ್ತಿಕೊಂಡವರು ಕ್ಯಾಸೆಟ್ ಪ್ರತಿ ಮಾಡುತ್ತಿದ್ದ ಅಪರಿಚಿತರು. ನಾರ್ವೆಯ ಬ್ಲ್ಯಾಕ್ ಮೆಟಲ್ ಬ್ಯಾಂಡುಗಳು ಬುದ್ಧಿಪೂರ್ವಕವಾಗಿ ಒರಟು ಮುದ್ರಣವನ್ನು ಅರಸಿದುದಕ್ಕೆ ಇದೂ ಒಂದು ಪ್ರೇರಣೆ. 2010ರಲ್ಲಿ ಫಿಶರನು ಹೆಲ್‌ಹ್ಯಾಮರಿನ ಇತಿಹಾಸವನ್ನು ಗ್ರಂಥರೂಪಕ್ಕೆ ತಂದಾಗ ಅದಕ್ಕೆ ಮುನ್ನುಡಿ ಬರೆದವನು ಅಲ್ಲಿನ ಡಾರ್ಕ್‌ಥ್ರೋನ್ ಬ್ಯಾಂಡಿನ ನಾಕ್ಟರ್ನೊ ಕುಲ್ಟೊ. 2019ರಲ್ಲಿ ಐವತ್ತೈದು ದಾಟಿದ್ದ ಫಿಶರನು, 'ಟ್ರಯಂಫ್ ಆಫ್ ಡೆತ್' ಡೆಮೊವಿನ ಹೆಸರನ್ನೇ ಹೊತ್ತ ಹೊಸ ಬ್ಯಾಂಡಿನೊಂದಿಗೆ ಹಳೆಯ ಹಾಡುಗಳನ್ನು ವೇದಿಕೆಗೆ ಒಯ್ದನು; ಈ ಸಲ ತಾಳ ಎಲ್ಲಿಯೂ ತಪ್ಪಲಿಲ್ಲವೆಂಬುದೊಂದೇ ನನ್ನ ಆಕ್ಷೇಪ.