ವ್ಯಾಸಂಗಕ್ಕೊಂದು ಯೋಜನೆ

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವವರಿಗೆ ಕೆರೆಗಳ ಸರಣಿಯ ಪರಿಚಯ ಹೊಸದಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಎತ್ತರದ ನೆಲದಲ್ಲಿ ನಮ್ಮ ಹಿರಿಯರು ಮಳೆಯ ನೀರನ್ನು ಹಿಡಿದಿಡಲು ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಯಲಹಂಕದ ಕೆರೆಯು ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಜಕ್ಕೂರಿನ ಕೆರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ರಾಚೇನಹಳ್ಳಿಯ ಕೆರೆಯತ್ತ ಹರಿಯುತ್ತದೆ. ಮೇಲಿನ ಕೆರೆ ತುಂಬದೆ ಕೆಳಗಿನ ಕೆರೆಗೆ ಅದರ ಪಾಲಿನ ನೀರು ಬಾರದು. ಕೆಳಗಿನ ಊರಿನವರು ಎಷ್ಟೇ ಅವಸರಪಟ್ಟರೂ ಈ ಕ್ರಮವು ಬದಲಾಗುವುದಿಲ್ಲ. ವಿದ್ಯೆಗೂ ಇಂಥದೇ ಒಂದು ಕ್ರಮವಿದೆ. ಅದನ್ನರಿತು ನಡೆಯುವುದೇ ವ್ಯಾಸಂಗದ ಯೋಜನೆ.

ನಾನು ಹಿಂದೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ್ದ ಹುಡುಗಿಯೊಬ್ಬಳು ಕೆಲವು ವರ್ಷಗಳ ಕೆಳಗೆ ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಳು. ತಂದೆ ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮೂಟೆ ಹೊರುವ ಕೆಲಸ ಮಾಡುತ್ತಿದ್ದವರು. ಮಗಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕ ವಿಜ್ಞಾನದ ಎರಡನೆಯ ವರ್ಷವನ್ನು ಮುಗಿಸಿದ್ದಳು. “ಮೇಷ್ಟ್ರೇ, ಬ್ಯಾಂಕಿನಲ್ಲಿ ಸಾಲ ತೆಗೆದು ಓದಿಸುತ್ತಿದ್ದೇನೆ. ನಾಲ್ಕು ವರ್ಷಕ್ಕೆ ಮುಗಿಯಬೇಕಾದ್ದು ಐದು ವರ್ಷ ಆದೀತು ಅಂತಾಳೆ. ನೀವೇ ಒಂದು ಮಾತು ಕೇಳಿ” ಎಂದರು ಅವರು. ಹುಡುಗಿ ತಲೆ ತಗ್ಗಿಸಿಕೊಂಡು ಒಂದು ಕಾಗದವನ್ನು ನನ್ನ ಮುಂದಿಟ್ಟಳು. ಅದರ ತುಂಬ ವಿಷಯಗಳ ಹೆಸರುಗಳು. ‘ದತ್ತಾಂಶ ರಚನೆ’ ಎಂಬ ಒಂದು ವಿಷಯದಲ್ಲಿ ಅವಳು ಅನುತ್ತೀರ್ಣಳಾಗಿದ್ದಳು. ಆದರೆ ಮುಂದಿನ ಅವಧಿಗೆಂದು ಗುರುತು ಹಾಕಿಕೊಂಡಿದ್ದ ವಿಷಯಗಳಲ್ಲಿ ಹೆಚ್ಚಿನವು ಅದನ್ನೇ ಆಧರಿಸಿದವು. ಹೀಗೇಕೆಂದು ಕೇಳಿದರೆ, “ಎಲ್ಲರೂ ಇವನ್ನೇ ತೆಗೆದುಕೊಳ್ಳುತ್ತಿದ್ದಾರೆ ಸಾರ್” ಎಂದಳು.

ಕನ್ನಡದ ಅಧ್ಯಾಪಕನಾದ ನನಗೆ ಆ ವಿಷಯಗಳು ಅಪರಿಚಿತ. ಆದರೆ ಕಲಿಕೆಯ ಕ್ರಮವೆಂಬುದು ಅಪರಿಚಿತವಲ್ಲ. ಷಟ್ಪದಿಯ ಲಕ್ಷಣವನ್ನು ತಿಳಿಯಬೇಕಾದರೆ ಗಣವಿಭಾಗ ಗೊತ್ತಿರಬೇಕು. ಗಣವಿಭಾಗ ಮಾಡಬೇಕಾದರೆ ಮಾತ್ರೆಗಳನ್ನು ಎಣಿಸಬೇಕು. ಮಾತ್ರೆಗಳನ್ನು ಎಣಿಸಲು ಲಘುಗುರುಗಳ ಪರಿಚಯವಿರಬೇಕು. ಲಘುಗುರುಗಳನ್ನೇ ಅರಿಯದವನು ಷಟ್ಪದಿಯ ಲಕ್ಷಣವನ್ನು ಬಾಯಿಪಾಠ ಮಾಡಿ ಒಪ್ಪಿಸಬಲ್ಲನೇ ಹೊರತು ಒಂದು ಪದ್ಯಕ್ಕೂ ಪ್ರಸ್ತಾರ ಹಾಕಲಾರನು. ಹೀಗೆ ಒಂದು ವಿಷಯವನ್ನು ಕಲಿಯುವ ಮೊದಲು ಯಾವುದನ್ನು ಕಲಿತಿರಲೇಬೇಕೋ ಅದನ್ನು ‘ಪೂರ್ವವಿಷಯ’ ಎಂದು ಕರೆಯೋಣ.

ಈಗ ಗಣಕ ವಿಜ್ಞಾನದ ಪದವಿಯ ಸ್ವರೂಪವನ್ನು ನೋಡೋಣ. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕೆಂದು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೆಳಗಾವಿ. ಯಾರ ಹೆಸರನ್ನು ಅದು ಹೊತ್ತಿದೆಯೋ ಆ ಮಹನೀಯರು 1934ರಲ್ಲಿಯೇ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥವೊಂದನ್ನು ಬರೆದವರು ಎಂಬುದನ್ನು ಇಲ್ಲಿ ನೆನೆಯಬಹುದು. ಎಂಜಿನಿಯರಿಂಗ್ ಪದವಿಯ ಅವಧಿ ನಾಲ್ಕು ವರ್ಷ. ಪ್ರತಿ ವರ್ಷಕ್ಕೆ ಎರಡರಂತೆ ಒಟ್ಟು ಎಂಟು ಸೆಮಿಸ್ಟರುಗಳು. ವಿಷಯಗಳ ತೂಕವನ್ನು ‘ಕ್ರೆಡಿಟ್’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸೆಮಿಸ್ಟರಿನುದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ ನಡೆದರೆ ಅದು ಒಂದು ಕ್ರೆಡಿಟ್; ಪ್ರಯೋಗಾಲಯದ ಕೆಲಸವಾದರೆ ವಾರಕ್ಕೆ ಎರಡು ಗಂಟೆಗೆ ಒಂದು ಕ್ರೆಡಿಟ್.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮವು ಇಡೀ ಪದವಿಗೆ 160 ಕ್ರೆಡಿಟ್‌ಗಳನ್ನು ಗೊತ್ತುಪಡಿಸಿತು. ಎಂಟರಿಂದ ಭಾಗಿಸಿದರೆ ಸೆಮಿಸ್ಟರಿಗೆ ಸರಾಸರಿ 20 ಕ್ರೆಡಿಟ್‌ಗಳಾಗುತ್ತವೆ. ಅವುಗಳಲ್ಲಿ 16 ಪಾಠದವು, 4 ಪ್ರಯೋಗಾಲಯದವು ಎಂದುಕೊಂಡರೆ ವಿದ್ಯಾರ್ಥಿಯು ವಾರಕ್ಕೆ 24 ಗಂಟೆ ಕಾಲೇಜಿನಲ್ಲಿ ಕಲಿಯಬೇಕು. ಮನೆಯಲ್ಲಿ ಓದುವ ವೇಳೆಯು ಇದರ ಮೇಲಿನದು. ಆದರೆ ಕ್ರೆಡಿಟ್‌ಗಳ ಮೊತ್ತವು ಸರಿಹೋದ ಮಾತ್ರಕ್ಕೆ ಯೋಜನೆಯು ಸರಿಯಾಯಿತೆಂದು ತಿಳಿಯಬಾರದು. ಇಟ್ಟಿಗೆಗಳ ಲೆಕ್ಕ ಸರಿಯಿದ್ದರೂ ಅಡಿಪಾಯಕ್ಕೆ ಮೊದಲೇ ಗೋಡೆಯನ್ನು ಎಬ್ಬಿಸಲಾದೀತೆ?

ಗಣಕ ವಿಜ್ಞಾನವು ವಯಸ್ಸಿನಲ್ಲಿ ಕಿರಿಯದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ವಿಭಾಗ ಆರಂಭವಾದುದು 1962ರಲ್ಲಿ. ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಅನಂತರ ಕಲಿಸಬೇಕು ಎಂಬ ಪ್ರಶ್ನೆಯು ಆಗಲೇ ಎದುರಾಯಿತು. ಗಣಕ ತಜ್ಞರ ಸಂಘವಾದ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿಯು 1968ರಲ್ಲಿ ಒಂದು ಪಠ್ಯಕ್ರಮವನ್ನು ಸೂಚಿಸಿತು. ಅದರಲ್ಲಿದ್ದ ವಿಷಯಗಳು 22. ಅವುಗಳನ್ನು ಮೂಲಭೂತ, ಮಧ್ಯಮ, ಉನ್ನತ ಎಂದು ಮೂರು ಹಂತಗಳಾಗಿ ವಿಂಗಡಿಸಿ, ಯಾವುದರ ಮೇಲೆ ಯಾವುದು ನಿಂತಿದೆ ಎಂಬುದನ್ನು ನಕ್ಷೆಯ ಮೂಲಕ ತೋರಿಸಿದ್ದರು. ಅಂದಿನಿಂದ ಇಂದಿನವರೆಗೆ ಆ ಪಠ್ಯಕ್ರಮವು ಹಲವು ಬಾರಿ ಪರಿಷ್ಕಾರಗೊಂಡಿದೆ. 2023ರ ಆವೃತ್ತಿಯೂ ಒಂದಿದೆ. ಹೊಸ ವಿಷಯಗಳು ಸೇರಿದವು, ಕೆಲವು ಹಿಂದೆ ಸರಿದವು. ಆದರೆ ಗಣಿತ ಮತ್ತು ಪ್ರೋಗ್ರಾಮ್ ರಚನೆಗಳು ಬುಡದಲ್ಲಿರಬೇಕೆಂಬ ಮಾತು ಬದಲಾಗಲಿಲ್ಲ.

ಆ ನಕ್ಷೆಯ ಪುಟ್ಟದೊಂದು ರೂಪವನ್ನು ನಾವೂ ಬರೆಯೋಣ. ಎಂಟು ವಿಷಯಗಳನ್ನು ತೆಗೆದುಕೊಳ್ಳಿ. ಗಣಕವು ಮಾಡಬೇಕಾದ ಕೆಲಸವನ್ನು ಅದಕ್ಕೆ ತಿಳಿಯುವ ಭಾಷೆಯಲ್ಲಿ ಬರೆಯುವುದು ಪ್ರೋಗ್ರಾಮ್ ರಚನೆ. ಕಲನಶಾಸ್ತ್ರ ಹಾಗೂ ರೇಖೀಯ ಬೀಜಗಣಿತಗಳನ್ನು ಒಂದು ವಿಷಯವೆಂದು ಎಣಿಸೋಣ. ಗಣಗಳು, ತರ್ಕ, ಎಣಿಕೆ ಇವುಗಳನ್ನೊಳಗೊಂಡ ವಿವಿಕ್ತ ಗಣಿತವು ಇನ್ನೊಂದು. ಈ ಮೂರಕ್ಕೂ ಕಾಲೇಜಿನ ಪೂರ್ವವಿಷಯ ಬೇಕಿಲ್ಲ. ಸಂಭವನೀಯತೆಗೆ ಕಲನಶಾಸ್ತ್ರ ಬೇಕು. ಮಾಹಿತಿಯನ್ನು ಬೇಕೆಂದಾಗ ಬೇಗ ಸಿಕ್ಕುವಂತೆ ಜೋಡಿಸಿಡುವ ದತ್ತಾಂಶ ರಚನೆಗೆ ಪ್ರೋಗ್ರಾಮ್ ರಚನೆ ಬೇಕು. ಲೆಕ್ಕವೊಂದನ್ನು ಬಿಡಿಸುವ ನಿಶ್ಚಿತವಾದ ಹೆಜ್ಜೆಗಳಿಗೆ ಅಲ್ಗಾರಿದಮ್ ಎಂದು ಹೆಸರು. ಅದರ ಅಧ್ಯಯನಕ್ಕೆ ದತ್ತಾಂಶ ರಚನೆಯೂ ವಿವಿಕ್ತ ಗಣಿತವೂ ಬೇಕು. ಉದಾಹರಣೆಗಳಿಂದ ಗಣಕವು ತಾನೇ ನಿಯಮವನ್ನು ಕಂಡುಕೊಳ್ಳುವಂತೆ ಮಾಡುವ ಯಂತ್ರಕಲಿಕೆಗೆ ಪ್ರೋಗ್ರಾಮ್ ರಚನೆ, ರೇಖೀಯ ಬೀಜಗಣಿತ, ಸಂಭವನೀಯತೆ ಈ ಮೂರೂ ಬೇಕು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ಕಂಪೈಲರಿನ ವಿದ್ಯೆಗೆ ಅಲ್ಗಾರಿದಮ್‌ಗಳ ಜ್ಞಾನ ಬೇಕು.

ಇವುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವುದು ಹೇಗೆ? ಇದಕ್ಕೆ ಉತ್ತರವು ಗಣಕ ವಿಜ್ಞಾನದಲ್ಲಿಯೇ ಇರುವುದೊಂದು ಸ್ವಾರಸ್ಯ. ಆರ್ಥರ್ ಕಾನ್ ಎಂಬುವರು 1962ರಲ್ಲಿ ಒಂದು ಸರಳವಾದ ವಿಧಾನವನ್ನು ಪ್ರಕಟಿಸಿದರು. ಪ್ರತಿಯೊಂದು ವಿಷಯಕ್ಕೂ ಒಂದು ಚೌಕವನ್ನು ಬರೆಯಿರಿ. ಪೂರ್ವವಿಷಯದಿಂದ ಅದನ್ನು ಅವಲಂಬಿಸಿದ ವಿಷಯಕ್ಕೆ ಬಾಣವನ್ನೆಳೆಯಿರಿ. ಯಾವ ಚೌಕದೊಳಕ್ಕೆ ಬಾಣವು ಬಂದಿಲ್ಲವೋ ಅದನ್ನು ಮೊದಲು ಆರಿಸಿ, ಅದನ್ನೂ ಅದರಿಂದ ಹೊರಟ ಬಾಣಗಳನ್ನೂ ಅಳಿಸಿಬಿಡಿ. ಆಗ ಬೇರೆ ಚೌಕಗಳು ಬಿಡುವಾಗುತ್ತವೆ. ಎಲ್ಲವೂ ಮುಗಿಯುವವರೆಗೆ ಹೀಗೆಯೇ ಮಾಡುತ್ತ ಹೋಗಿ. ನಡುವೆ ಬಿಡುವಾದ ಚೌಕವೊಂದೂ ಸಿಕ್ಕದೆ ಹೋದರೆ ಬಾಣಗಳು ಎಲ್ಲಿಯೋ ಸುತ್ತಿಕೊಂಡಿವೆಯೆಂದು ಅರ್ಥ. ಅಂತಹ ಪಠ್ಯಕ್ರಮವನ್ನು ಯಾರೂ ಓದಿ ಮುಗಿಸಲಾರರು.

ನಮ್ಮ ಎಂಟು ವಿಷಯಗಳಿಗೆ ಈ ವಿಧಾನವನ್ನು ಅನ್ವಯಿಸಿದರೆ ನಾಲ್ಕು ಅವಧಿಗಳು ದೊರೆಯುತ್ತವೆ. ಮೊದಲನೆಯದರಲ್ಲಿ ಪ್ರೋಗ್ರಾಮ್ ರಚನೆ, ಕಲನಶಾಸ್ತ್ರದ ವಿಷಯ, ವಿವಿಕ್ತ ಗಣಿತ, ಎರಡನೆಯದರಲ್ಲಿ ಸಂಭವನೀಯತೆ ಮತ್ತು ದತ್ತಾಂಶ ರಚನೆ, ಮೂರನೆಯದರಲ್ಲಿ ಅಲ್ಗಾರಿದಮ್ ಮತ್ತು ಯಂತ್ರಕಲಿಕೆ, ನಾಲ್ಕನೆಯದರಲ್ಲಿ ಕಂಪೈಲರ್. ಇದಕ್ಕಿಂತ ಬೇಗ ಮುಗಿಸಲು ಸಾಧ್ಯವಿಲ್ಲ. ಏಕೆಂದರೆ ಪ್ರೋಗ್ರಾಮ್ ರಚನೆಯಿಂದ ದತ್ತಾಂಶ ರಚನೆ, ಅದರಿಂದ ಅಲ್ಗಾರಿದಮ್, ಅದರಿಂದ ಕಂಪೈಲರ್ ಎಂಬ ಸರಪಳಿಯಲ್ಲಿ ನಾಲ್ಕು ಕೊಂಡಿಗಳಿವೆ. ವಿದ್ಯಾರ್ಥಿಯು ಎಷ್ಟೇ ಜಾಣನಾಗಿದ್ದರೂ ಎಲ್ಲಕ್ಕಿಂತ ಉದ್ದವಾದ ಸರಪಳಿಯೇ ವ್ಯಾಸಂಗದ ಕನಿಷ್ಠ ಅವಧಿಯನ್ನು ನಿರ್ಧರಿಸುತ್ತದೆ.

ಇದರಿಂದ ಮತ್ತೊಂದು ಮುಖ್ಯವಾದ ಸಂಗತಿಯು ತಿಳಿಯುತ್ತದೆ. ಎಲ್ಲ ವಿಷಯಗಳಲ್ಲಿ ಆಗುವ ವಿಳಂಬವೂ ಸಮನಾದುದಲ್ಲ. ಸಂಭವನೀಯತೆಯು ಒಂದು ಅವಧಿ ತಡವಾಯಿತೆನ್ನಿ. ಅದು ಮೂರನೆಯ ಅವಧಿಗೂ ಯಂತ್ರಕಲಿಕೆಯು ನಾಲ್ಕನೆಯದಕ್ಕೂ ಸರಿಯುತ್ತವೆ. ಒಟ್ಟು ಅವಧಿಯು ನಾಲ್ಕೇ ಆಗಿ ಉಳಿಯುತ್ತದೆ. ಆದರೆ ದತ್ತಾಂಶ ರಚನೆಯು ತಡವಾದರೆ ಅಲ್ಗಾರಿದಮ್, ಕಂಪೈಲರ್ ಎರಡೂ ಹಿಂದೆ ಬಿದ್ದು ನಾಲ್ಕು ಅವಧಿಯ ಓದು ಐದಾಗುತ್ತದೆ. ವಿಷಯವೊಂದರ ಪಾಠವು ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕಾಲೇಜಿನಲ್ಲಾದರೆ ಒಂದು ಅವಧಿಯ ಸೋಲು ಒಂದು ವರ್ಷವನ್ನೇ ನುಂಗಬಹುದು. ಆದುದರಿಂದ ಯಾವ ವಿಷಯದ ಮೇಲೆ ಹೆಚ್ಚು ವಿಷಯಗಳು ನಿಂತಿವೆಯೋ ಅದಕ್ಕೆ ಹೆಚ್ಚು ಶ್ರಮವನ್ನು ಮೀಸಲಿಡಬೇಕು.

ಯೋಜನೆಯನ್ನು ವಿಶ್ವವಿದ್ಯಾಲಯವೇ ಮಾಡಿಕೊಟ್ಟಿರುವಾಗ ವಿದ್ಯಾರ್ಥಿಗೆ ಅದರ ಚಿಂತೆಯೇಕೆ ಎಂದು ನೀವು ಕೇಳಬಹುದು. ಕಡ್ಡಾಯ ವಿಷಯಗಳ ಕ್ರಮವನ್ನು ವಿಶ್ವವಿದ್ಯಾಲಯವು ಗೊತ್ತುಪಡಿಸಿರುತ್ತದೆ ಎಂಬುದು ನಿಜ. ಆದರೆ ಐಚ್ಛಿಕ ವಿಷಯಗಳನ್ನು ಆರಿಸುವವನು ವಿದ್ಯಾರ್ಥಿಯೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2015ರಲ್ಲಿ ಆಯ್ಕೆಯನ್ನಾಧರಿಸಿದ ಕ್ರೆಡಿಟ್ ಪದ್ಧತಿಯನ್ನು ಜಾರಿಗೆ ತಂದಿತು. ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದಷ್ಟೂ ವಿವೇಚನೆಯ ಹೊಣೆಯೂ ಹೆಚ್ಚುತ್ತದೆ. ಇಂದು ಎಲ್ಲರ ಬಾಯಲ್ಲಿಯೂ ಕೃತಕ ಬುದ್ಧಿಮತ್ತೆಯ ಮಾತಿದೆ. ಆ ವಿಷಯವು ಉಪಯುಕ್ತವಾದುದೇ ಸರಿ. ಆದರೆ ಸಂಭವನೀಯತೆಯನ್ನೂ ರೇಖೀಯ ಬೀಜಗಣಿತವನ್ನೂ ಬಿಟ್ಟು ಅದಕ್ಕೆ ಕೈಹಾಕಿದವನು ಇತರರು ಮಾಡಿಟ್ಟ ಸಲಕರಣೆಯನ್ನು ಬಳಸುವುದನ್ನಷ್ಟೇ ಕಲಿಯುತ್ತಾನೆ. ಅದು ತಪ್ಪು ಉತ್ತರವನ್ನು ಕೊಟ್ಟಾಗ ಏಕೆ ತಪ್ಪಿತೆಂದು ಹೇಳಲಾರನು.

ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಉದಾಹರಣೆಯನ್ನು ನೋಡಿ. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ 1969ರಲ್ಲಿ ಸ್ಕೂಲ್ ಆಫ್ ಆಟೋಮೇಷನ್ ಪ್ರಾರಂಭವಾಯಿತು. ಇಂದಿನ ಗಣಕ ವಿಜ್ಞಾನ ವಿಭಾಗವು ಅದರಿಂದ ಬೆಳೆದುದು. ಸಂಸ್ಥೆಯು 2022ರಲ್ಲಿ ಹೊಸದೊಂದು ಬಿ.ಟೆಕ್. ಪದವಿಯನ್ನು ತೆರೆದಾಗ ಅದಕ್ಕಿಟ್ಟ ಹೆಸರು ‘ಗಣಿತ ಮತ್ತು ಗಣನೆ’ ಎಂಬರ್ಥದ್ದು. ಗಣಿತವನ್ನು ಹೆಸರಿನ ಮೊದಲಲ್ಲಿಯೇ ಇರಿಸಿದುದನ್ನು ಗಮನಿಸಿ.

ಆ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಆ ಹುಡುಗಿಯೂ ನಾನೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚೌಕಗಳನ್ನು ಬರೆದೆವು. ವಿಷಯಗಳ ಸಂಬಂಧವನ್ನು ಅವಳು ಹೇಳಿದಳು, ನಾನು ಬಾಣಗಳನ್ನೆಳೆದೆ. ಬರೆದು ಮುಗಿದಾಗ ದತ್ತಾಂಶ ರಚನೆಯ ಚೌಕದಿಂದ ನಾಲ್ಕು ಬಾಣಗಳು ಹೊರಟಿದ್ದವು. ಅವಳು ಅದನ್ನೇ ಬಹಳ ಹೊತ್ತು ನೋಡಿ, “ನಾನು ಇದೊಂದನ್ನು ಮೊದಲು ಸರಿಮಾಡಿಕೊಳ್ಳಬೇಕು ಸಾರ್” ಎಂದಳು. ಅನಂತರದ ಸೆಮಿಸ್ಟರಿಗೆ ಆರಿಸಿದ್ದ ಐಚ್ಛಿಕ ವಿಷಯವನ್ನು ಮುಂದಕ್ಕೆ ಹಾಕಿದಳು. ರಜೆಯ ದಿನಗಳಲ್ಲಿ ದತ್ತಾಂಶ ರಚನೆಯನ್ನು ಮೊದಲ ಪಾಠದಿಂದ ಮತ್ತೆ ಓದಿ, ಪ್ರತಿಯೊಂದು ಪ್ರೋಗ್ರಾಮನ್ನೂ ಸ್ವತಃ ಬರೆದು ನೋಡಿ, ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ನಾಲ್ಕು ವರ್ಷಗಳಲ್ಲಿಯೇ ಅವಳ ಪದವಿ ಮುಗಿಯಿತು. ತಂದೆಯ ಬೆನ್ನಿನ ಮೇಲೆ ಒಂದು ವರ್ಷದ ಹೊರೆ ಇಳಿಯಿತು.

ನೀವಿನ್ನೂ ಒಂಬತ್ತನೆಯ ತರಗತಿಯಲ್ಲಿದ್ದೀರಿ. ನಿಮ್ಮಲ್ಲಿ ಕೆಲವರು ಗಣಕ ವಿಜ್ಞಾನವನ್ನು ಓದಬಹುದು, ಕೆಲವರು ಬೇಸಾಯ, ವೈದ್ಯ, ಕಾನೂನುಗಳತ್ತ ಹೋಗಬಹುದು. ಯಾವ ದಾರಿಯಲ್ಲಿ ನಡೆದರೂ ಈ ನಕ್ಷೆಯ ಅಗತ್ಯ ತಪ್ಪದು. ಕಾಲೇಜಿನ ಪೂರ್ವವಿಷಯವಿಲ್ಲ ಎಂದೆವಲ್ಲ, ಆ ಮೊದಲ ಚೌಕಗಳಿಗೂ ಬಾಣಗಳು ಬರುತ್ತವೆ. ಅವು ಹೊರಡುವುದು ನಿಮ್ಮ ಈಗಿನ ತರಗತಿಯಿಂದ. ರೇಖಾಗಣಿತದಲ್ಲಿ ಒಂದು ಪ್ರಮೇಯವನ್ನು ಅದರ ಹಿಂದಿನ ಪ್ರಮೇಯಗಳಿಂದ ಸಾಧಿಸುವಿರಲ್ಲವೆ? ಆ ಅಭ್ಯಾಸವೇ ಮುಂದಿನ ಎಲ್ಲ ತರ್ಕಕ್ಕೂ ತಾಯಿ. ಅರ್ಥವಾಗದ ಪಾಠವೊಂದನ್ನು ಹಾಗೆಯೇ ಬಿಟ್ಟು ಮುಂದೆ ಸಾಗುವ ಮೊದಲು, ಅದರಿಂದ ಎಷ್ಟು ಬಾಣಗಳು ಹೊರಡುತ್ತವೆ ಎಂದು ಕೇಳಿಕೊಳ್ಳಿ. ಮೇಲಿನ ಕೆರೆ ತುಂಬಲಿ. ಕೆಳಗಿನ ಕೆರೆಗೆ ನೀರು ತಾನಾಗಿಯೇ ಹರಿದು ಬರುತ್ತದೆ.